ಜಾತಿ ಕೋಳಿ

ಹೋದ ವರ್ಷ ಯುಗಾದಿ ಕಳೆದ ವಾರ ನಮ್ಮ ಹಿತ್ತಲಿನ ಕರಿ ಹೇಂಟೆ ಕಾವಿಗೆ ಕೂತಿತು. ಅದೇ ಹೊತ್ತಿಗೆ ಗೆಳೆಯನೊಬ್ಬ ಎಂಟು ಮೊಟ್ಟೆ ಕಳಿಸಿದ್ದ. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಭತ್ತದ ಹೊಟ್ಟು ತುಂಬಿದ ಡಬ್ಬಿಯಲ್ಲಿಟ್ಟು, ರಾತ್ರಿ ಬಸ್ಸಿಗೆ ಹಾಕಿದ್ದ. ಅವು ಬ್ರಹ್ಮ ಎಂಬ ತಳಿಯ ಮೊಟ್ಟೆಗಳು. ಒಂದು ದಿನ ಅಲುಗಾಡಿಸದೆ ಇಟ್ಟು, ಕತ್ತಲಾದ ಮೇಲೆ ಹೇಂಟೆಯ ಹೊಟ್ಟೆಯಡಿಯಿಂದ ಅದರದೇ ಮೊಟ್ಟೆಗಳನ್ನು ತೆಗೆದು ಇವನ್ನು ಸರಿಸಿದೆ. ಅದು ಒಮ್ಮೆ ಕೊಕ್ಕಿನಿಂದ ತಡವಿ, ರೆಕ್ಕೆ ಅಗಲಿಸಿ ಕೂತುಬಿಟ್ಟಿತು. ಏಳನೆಯ ರಾತ್ರಿ ಬ್ಯಾಟರಿ ಬೆಳಕು ಹಾಯಿಸಿ ನೋಡಿದರೆ ಆರು ಮೊಟ್ಟೆಗಳಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು ಕಂಡವು, ಎರಡು ಖಾಲಿ. ಇಪ್ಪತ್ತೊಂದನೆಯ ದಿನ ಐದು ಮರಿಗಳು ಬುಟ್ಟಿಯಿಂದ ಇಣುಕಿದವು. ಆರನೆಯದು ಚಿಪ್ಪು ಕುಟ್ಟಿ ಅರ್ಧಕ್ಕೇ ನಿಂತುಹೋಯಿತು.

ಮರಿಗಳನ್ನು ನೋಡಲು ಬಂದ ಅಜ್ಜಿ ಬಗ್ಗಿ ಅವುಗಳ ಕಾಲು ನೋಡಿದಳು. ಬೆರಳಿನ ತನಕ ತುಪ್ಪಳ. "ಇದ್ಯಾವ ಜಾತೀದ್ಲಾ ಮಗಾ, ಕಾಲಿಗೆ ಪೈಜಾಮ ಹಾಕ್ಕೊಂಡದೆ?" ಎಂದಳು.

ನಮ್ಮ ಮಾತಿನಲ್ಲಿ ಇದು ಸಹಜವಾದ ಪ್ರಶ್ನೆ. ಬೀದಿಯಲ್ಲಿರುವುದು ನಾಯಿ, ದುಡ್ಡು ಕೊಟ್ಟು ತಂದದ್ದು ಜಾತಿ ನಾಯಿ. ಹಾಗೆಯೇ ಜಾತಿ ಕೋಳಿ. ಇಂಗ್ಲಿಷಿನವರು ಮನುಷ್ಯರಿಗೊಂದು, ಪ್ರಾಣಿಗಳಿಗೊಂದು ಪದ ಇಟ್ಟುಕೊಂಡಿದ್ದಾರೆ. ನಾವು ಎರಡಕ್ಕೂ ಒಂದೇ ಪದದಲ್ಲಿ ಕೆಲಸ ಮುಗಿಸುತ್ತೇವೆ. ಅಜ್ಜಿಗೆ ಉತ್ತರ ಕೊಡಲು ಈ ಕೋಳಿಯ ಜಾತಿ ಹುಡುಕುತ್ತಾ ಹೊರಟ ನಾನು ಬಂದು ತಲುಪಿದ್ದು, ನೂರೆಂಬತ್ತು ವರ್ಷಗಳ ಹಿಂದೆ ಇಂಗ್ಲೆಂಡ್ ಮತ್ತು ಅಮೆರಿಕಗಳಿಗೆ ಹಿಡಿದ ಒಂದು ವಿಚಿತ್ರ ಹುಚ್ಚಿಗೆ. 'ಶುದ್ಧ ತಳಿ' ಎಂದು ಇಂದು ನಾವು ಕರೆಯುವ ಬಹುಪಾಲು ಕೋಳಿಗಳಿಗೆ ಹೆಸರು, ಲಕ್ಷಣ, ವಂಶ ಸಿಕ್ಕಿದ್ದು ಆ ಹುಚ್ಚಿನ ಕಾಲದಲ್ಲಿ.

ಅದಕ್ಕೂ ಮೊದಲು ಅಲ್ಲಿ ಕೋಳಿ ಎಂದರೆ ಹೆಂಗಸರ ಪಾಲಿನ ಸಣ್ಣ ಆಸ್ತಿ. ರೈತನ ಹೆಂಡತಿ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿ, ಮೊಟ್ಟೆ ಮಾರಿ ಉಪ್ಪು ಸಕ್ಕರೆಗೆ ಕಾಸು ಮಾಡಿಕೊಳ್ಳುತ್ತಿದ್ದಳು. ಗಂಡಸರಿಗೆ ಕೋಳಿಯ ಕಡೆ ಗಮನವಿದ್ದದ್ದು ಕೋಳಿ ಅಂಕದಲ್ಲಿ ಮಾತ್ರ. 1835ರಲ್ಲಿ ಇಂಗ್ಲೆಂಡಿನ ಸಂಸತ್ತು ಪ್ರಾಣಿಹಿಂಸೆಯ ವಿರುದ್ಧ ಕಾನೂನು ತಂದು ಕೋಳಿ ಅಂಕವನ್ನು ನಿಷೇಧಿಸಿತು. ಹುಂಜದ ಮೈಕಟ್ಟು, ಬಣ್ಣ, ವಂಶವನ್ನು ತಲೆಮಾರುಗಳಿಂದ ಬಲ್ಲವರಿಗೆ ಆ ವಿದ್ಯೆಯನ್ನು ತೋರಿಸಲು ಬೇರೊಂದು ಕಣ ಬೇಕಾಯಿತು. 1845ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದ ಆವರಣದಲ್ಲಿ ಕೋಳಿಗಳ ಪ್ರದರ್ಶನ ನಡೆಯಿತು. ಹುಂಜಗಳು ಈಗ ಹೊಡೆದಾಡಬೇಕಿರಲಿಲ್ಲ. ಪಂಜರದಲ್ಲಿ ನೆಟ್ಟಗೆ ನಿಂತರೆ ಸಾಕಿತ್ತು.

ಇದೇ ಹೊತ್ತಿಗೆ ಪೂರ್ವದ ಕಡೆಯಿಂದ ಹಡಗುಗಳು ಬಂದವು. 1842ರಲ್ಲಿ ಅಫೀಮು ಯುದ್ಧ ಮುಗಿದು, ಸೋತ ಚೀನಾ ಶಾಂಘೈ ಮೊದಲಾದ ಐದು ಬಂದರುಗಳನ್ನು ಬ್ರಿಟಿಷರಿಗೆ ತೆರೆಯಬೇಕಾಯಿತು. ಚಹಾ, ರೇಷ್ಮೆಯ ಜೊತೆ ಅಲ್ಲಿಂದ ದೊಡ್ಡ ಗಾತ್ರದ, ಮೈತುಂಬ ಮೆತ್ತನೆಯ ಗರಿಯ, ಕಾಲಿಗೂ ತುಪ್ಪಳವಿರುವ ಕೋಳಿಗಳು ಬಂದವು. ಇಂಗ್ಲೆಂಡಿನ ಜನ ಅಂಥ ಕೋಳಿಯನ್ನು ಕಂಡೇ ಇರಲಿಲ್ಲ. ರಾಣಿ ವಿಕ್ಟೋರಿಯಾ ವಿಂಡ್ಸರ್ ಅರಮನೆಯ ಆವರಣದಲ್ಲಿ ಕೋಳಿಮನೆಯನ್ನೇ ಕಟ್ಟಿಸಿ ಪೂರ್ವದ ಕೋಳಿಗಳನ್ನು ಸಾಕಿದಳು. ಪತ್ರಿಕೆಗಳು ಚಿತ್ರ ಅಚ್ಚುಹಾಕಿದವು. ರಾಣಿ ಸಾಕಿದ ಮೇಲೆ ಊರಿನವರು ಸುಮ್ಮನಿರುತ್ತಾರೆಯೇ?

ಹೆಸರಿನ ಗೊಂದಲ ಅಲ್ಲಿಂದಲೇ ಶುರು. ಈ ಕೋಳಿಗಳನ್ನು ಮೊದಲು 'ಕೊಚ್ಚಿನ್-ಚೈನಾ' ಎಂದರು. ಅದು ವಿಯೆಟ್ನಾಮಿನ ದಕ್ಷಿಣ ಭಾಗದ ಹಳೆಯ ಹೆಸರು. ನಮ್ಮ ಕೇರಳದ ಕೊಚ್ಚಿಯ ಜೊತೆ ಗೊಂದಲವಾಗದಿರಲೆಂದೇ ಪೋರ್ಚುಗೀಸರು ಅದಕ್ಕೆ 'ಚೈನಾ' ಸೇರಿಸಿದ್ದರು. ಕೋಳಿ ಬಂದದ್ದು ಶಾಂಘೈಯಿಂದ. ಕೆಲವರು ಶಾಂಘೈ ಎಂದೇ ಕರೆದು ನೋಡಿದರು, ಆದರೆ ಹಳೆಯ ಹೆಸರು ಬಿಡಲಿಲ್ಲ. ಕಾಲಕ್ರಮದಲ್ಲಿ 'ಚೈನಾ' ಉದುರಿ 'ಕೊಚ್ಚಿನ್' ಉಳಿಯಿತು. ಹೀಗೆ ಚೀನಾದ ಕೋಳಿಗೆ ಅದು ಎಂದೂ ಕಾಣದ ಮಲಯಾಳದ ಊರಿನ ಹೆಸರು ಅಂಟಿಕೊಂಡಿತು.

ಹುಚ್ಚು ಅಟ್ಲಾಂಟಿಕ್ ದಾಟಲು ಹೆಚ್ಚು ದಿನ ಹಿಡಿಯಲಿಲ್ಲ. 1849ರ ನವೆಂಬರಿನಲ್ಲಿ ಬಾಸ್ಟನ್ನಿನ ಸಾರ್ವಜನಿಕ ಉದ್ಯಾನದಲ್ಲಿ ಅಮೆರಿಕದ ಮೊದಲ ದೊಡ್ಡ ಕೋಳಿ ಪ್ರದರ್ಶನ ನಡೆಯಿತು. ಸಾವಿರಕ್ಕೂ ಹೆಚ್ಚು ಕೋಳಿಗಳು, ನೋಡಲು ಸುಮಾರು ಹತ್ತು ಸಾವಿರ ಜನ. ಅಂದಿನ ಹೆಸರಾಂತ ರಾಜಕಾರಣಿ ಡೇನಿಯಲ್ ವೆಬ್‌ಸ್ಟರ್ ಕೂಡ ಅಲ್ಲಿದ್ದ. ವಕೀಲರು, ವೈದ್ಯರು, ಪಾದ್ರಿಗಳು, ಗುಮಾಸ್ತರು ಹಿತ್ತಲಲ್ಲಿ ಪಂಜರ ಕಟ್ಟಿದರು. ಒಂದು ಜೋಡಿ ಕೋಳಿಗೆ ಕೂಲಿಯವನ ತಿಂಗಳುಗಟ್ಟಲೆಯ ಸಂಬಳ ಕೊಟ್ಟು ಕೊಂಡರು. ಮೊಟ್ಟೆಗಳನ್ನು ಡಜನ್ ಲೆಕ್ಕದಲ್ಲಿ ಮಾರಿ ಹಣ ಮಾಡುವ ಕನಸು ಕಂಡರು.

ಈ ಕನಸುಗಳನ್ನು ಮಾರಿ ಬದುಕಿದವರಲ್ಲಿ ಜಾರ್ಜ್ ಬರ್ನ್‌ಹ್ಯಾಮ್ ಮುಖ್ಯನಾದವನು. 1852ರ ಕೊನೆಯಲ್ಲಿ ಅವನು ಒಂಬತ್ತು ಬೂದು ಬಣ್ಣದ ಶಾಂಘೈ ಕೋಳಿಗಳನ್ನು ರಾಣಿ ವಿಕ್ಟೋರಿಯಾಳಿಗೆ ಉಡುಗೊರೆಯಾಗಿ ಕಳಿಸಿದ. ಅರಮನೆಯಿಂದ ಧನ್ಯವಾದದ ಪತ್ರವೂ ರಾಣಿಯ ಭಾವಚಿತ್ರವೂ ಬಂದವು. ಅಷ್ಟೇ ಸಾಕಾಯಿತು, ಅವನ ಕೋಳಿಗಳ ಬೆಲೆ ಗಗನಕ್ಕೇರಿತು. 1855ರ ಹೊತ್ತಿಗೆ ಗುಳ್ಳೆ ಒಡೆದು ಕೊಂಡವರೆಲ್ಲ ತಲೆಯ ಮೇಲೆ ಕೈಹೊತ್ತು ಕೂತಾಗ, ಅದೇ ಬರ್ನ್‌ಹ್ಯಾಮ್ 'ದಿ ಹಿಸ್ಟರಿ ಆಫ್ ದಿ ಹೆನ್ ಫೀವರ್' ಎಂಬ ಪುಸ್ತಕ ಬರೆದು, ತಾನು ಜನರನ್ನು ಹೇಗೆ ಯಾಮಾರಿಸಿದೆ ಎಂಬುದನ್ನು ನಗುತ್ತಾ ಹೇಳಿ ಮತ್ತೊಮ್ಮೆ ದುಡ್ಡು ಮಾಡಿಕೊಂಡ.

ಸಾಹಿತ್ಯಕ್ಕೂ ಈ ಜ್ವರದ ಕಾವು ತಟ್ಟಿತು. 'ಮೋಬಿ ಡಿಕ್' ಬರೆದ ಹರ್ಮನ್ ಮೆಲ್ವಿಲ್ 1853ರಲ್ಲಿ 'ಕಾಕ್-ಎ-ಡೂಡಲ್-ಡೂ!' ಎಂಬ ಕಥೆ ಪ್ರಕಟಿಸಿದ. ಸಾಲದಲ್ಲಿ ಮುಳುಗಿದ, ಮನಸ್ಸು ಕೆಟ್ಟ ಒಬ್ಬನಿಗೆ ಎಲ್ಲಿಂದಲೋ ಅದ್ಭುತವಾದ ಹುಂಜದ ಕೂಗು ಕೇಳುತ್ತದೆ. ಇದು ಯಾವನೋ ಸಿರಿವಂತನ ಶಾಂಘೈ ಹುಂಜವೇ ಇರಬೇಕೆಂದು ಹುಡುಕಿ ಹೊರಟರೆ ಅದು ಕಡುಬಡವನಾದ ಸೌದೆ ಕೊಯ್ಯುವವನ ಗುಡಿಸಲಲ್ಲಿದೆ. ಕಾಯಿಲೆ ಬಿದ್ದ ಹೆಂಡತಿ ಮಕ್ಕಳಿದ್ದರೂ ಅವನು ಎಷ್ಟು ದುಡ್ಡಿಗೂ ಹುಂಜ ಮಾರಲಾರ. ಊರೆಲ್ಲ ಕೋಳಿಗೆ ಬೆಲೆ ಕಟ್ಟುತ್ತಿದ್ದ ವರ್ಷದಲ್ಲಿ ಬೆಲೆಯಿಲ್ಲದ ಕೋಳಿಯ ಕಥೆ ಅದು.

ಇನ್ನು ನನ್ನ ಪೈಜಾಮದ ಮರಿಗಳ ವಿಷಯ. 1846ರ ಸುಮಾರಿಗೆ ನಾವಿಕನೊಬ್ಬ ನ್ಯೂಯಾರ್ಕ್ ಬಂದರಿಗೆ ತಂದ ದೊಡ್ಡ ಕೋಳಿಗಳಿಂದ ಈ ತಳಿ ಹುಟ್ಟಿತು, ಅವು ಬ್ರಹ್ಮಪುತ್ರಾ ನದಿಯ ಕಡೆಯವು ಎಂದು ಒಂದು ಕಡೆಯವರು ಹೇಳಿದರು. ಅದೆಲ್ಲ ಸುಳ್ಳು, ಇವು ತನ್ನ ಬೂದು ಶಾಂಘೈಗಳೇ ಎಂದು ಬರ್ನ್‌ಹ್ಯಾಮ್ ಜಗಳ ತೆಗೆದ. ಚೀನಾದ ಶಾಂಘೈ ಕೋಳಿಯ ಜೊತೆ ಚಿತ್ತಗಾಂಗ್ ಕಡೆಯ ಎತ್ತರದ ಕೋಳಿಯ ರಕ್ತ ಸೇರಿ ಅಮೆರಿಕದ ಹಿತ್ತಲುಗಳಲ್ಲಿ ರೂಪುಗೊಂಡದ್ದು ಎಂಬುದು ಇಂದು ಹೆಚ್ಚಿನವರು ಒಪ್ಪುವ ಮಾತು. ಮೊದಮೊದಲು ಒಂದು ಡಜನ್ ಹೆಸರುಗಳಿದ್ದವು. ಕೊನೆಗೆ 'ಬ್ರಹ್ಮ ಪೂತ್ರ' ಗೆದ್ದಿತು, ಬಾಯಲ್ಲಿ ಸವೆದು ಬ್ರಹ್ಮ ಆಯಿತು. ಬ್ರಹ್ಮನ ಮುಖದಿಂದಲೋ ಪಾದದಿಂದಲೋ ಹುಟ್ಟಿದ್ದಲ್ಲ, ಮೂರು ದೇಶದ ಬೆರಕೆ!

ಇದು ಒಂದು ತಳಿಯ ಕಥೆ ಮಾತ್ರವಲ್ಲ. ಪ್ರದರ್ಶನಗಳು ಹೆಚ್ಚಿದಂತೆ ಯಾವ ಕೋಳಿ ಹೇಗಿರಬೇಕೆಂದು ಜಗಳವೂ ಹೆಚ್ಚಿತು. ಒಬ್ಬ ತೀರ್ಪುಗಾರ ಮೆಚ್ಚಿದ ಬಾಲವನ್ನು ಇನ್ನೊಬ್ಬ ತಳ್ಳಿಹಾಕುತ್ತಿದ್ದ. ಇದನ್ನು ತೀರಿಸಲು 1865ರಲ್ಲಿ ಇಂಗ್ಲೆಂಡಿನ ಪೌಲ್ಟ್ರಿ ಕ್ಲಬ್ ಒಂದು ಪುಸ್ತಕ ತಂದಿತು. 1873ರಲ್ಲಿ ಬಫಲೋ ನಗರದಲ್ಲಿ ಹುಟ್ಟಿದ ಅಮೆರಿಕದ ಕೋಳಿ ಸಾಕುವವರ ಸಂಘ ಮರುವರ್ಷವೇ ತನ್ನ ಪುಸ್ತಕವನ್ನು ಅಚ್ಚು ಮಾಡಿಸಿತು. ಜುಟ್ಟು ಯಾವ ಆಕಾರ, ಕಿವಿಯ ಹಾಲೆ ಯಾವ ಬಣ್ಣ, ಬಾಲ ಎಷ್ಟು ಎತ್ತರ, ಗರಿಯ ಅಂಚು ಎಂಥದು, ಪ್ರತಿಯೊಂದಕ್ಕೂ ಎಷ್ಟು ಅಂಕ ಎಂಬುದೆಲ್ಲ ಅದರಲ್ಲಿತ್ತು. ಆ ಮೊದಲ ಅಮೆರಿಕನ್ ಪುಸ್ತಕದಲ್ಲೇ ಪ್ಲೈಮೌತ್ ರಾಕ್ ಎಂಬ ಪಟ್ಟೆಪಟ್ಟೆ ಕೋಳಿಗೆ ಜಾಗ ಸಿಕ್ಕಿತು. ಅದನ್ನು ಡೊಮಿನಿಕ್ ಎಂಬ ಹಳೆಯ ಹುಂಜಕ್ಕೆ ಏಷ್ಯಾ ಮೂಲದ ಕರಿ ಹೇಂಟೆ ಕೂಡಿಸಿ ಕೆಲವೇ ವರ್ಷಗಳ ಹಿಂದೆ ರೂಪಿಸಿದ್ದರು. ನಿನ್ನೆಯ ಬೆರಕೆ ಇಂದು ಪುಸ್ತಕ ಸೇರಿ ಶುದ್ಧವಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ತಳಿ ಮೊದಲು, ಪುಸ್ತಕ ಆಮೇಲೆ ಎಂದು ನಾವು ತಿಳಿದಿರುತ್ತೇವೆ. ನಿಜದಲ್ಲಿ ಪುಸ್ತಕ ಬಂದ ಮೇಲೆ ಕೋಳಿಗಳು ಪುಸ್ತಕದಂತೆ ಆಗತೊಡಗಿದವು. ಹಿತ್ತಲಲ್ಲಿ ಈ ಕೆಲಸ ಮಾಡಿದವರಿಗೆ ಅದರ ಕಷ್ಟ ಗೊತ್ತು. ಒಂದು ಹುಂಜ, ನಾಲ್ಕಾರು ಹೇಂಟೆಗಳನ್ನು ಪ್ರತ್ಯೇಕ ಬೇಲಿಯೊಳಗೆ ಹಾಕಬೇಕು. ಹೇಂಟೆ ಒಮ್ಮೆ ಬೇರೆ ಹುಂಜದೊಡನೆ ಕೂಡಿದ್ದರೆ ಆ ಬೀಜ ಅದರ ಮೈಯೊಳಗೆ ಎರಡು ವಾರವಾದರೂ ಜೀವಂತವಿರುತ್ತದೆ. ಅಷ್ಟು ದಿನ ಕಾದು ಆಮೇಲೆ ಮೊಟ್ಟೆ ಕೂಡಿಡಬೇಕು. ಮರಿಯಾದ ಮೇಲೆ ಯಾವುದು ಯಾವ ತಾಯಿಯದೆಂದು ಬೆರಳಿನ ನಡುವಿನ ಚರ್ಮಕ್ಕೆ ಗುರುತು ಹಾಕಬೇಕು. ಇಷ್ಟೆಲ್ಲ ಮಾಡಿ ಬೆಳೆಸಿದ ನೂರು ಮರಿಗಳಲ್ಲಿ ಪುಸ್ತಕಕ್ಕೆ ಒಪ್ಪುವುದು ಬೆರಳೆಣಿಕೆಯಷ್ಟು, ಉಳಿದವು ಸಾರಿಗೆ. ಬೇಲಿಯ ಬಾಗಿಲು ಒಂದು ಕಾಲ ತೆರೆದಿಟ್ಟರೆ ಐವತ್ತು ವರ್ಷದ ಶುದ್ಧಿ ಹೋಯಿತು. ತಾನಾಗಿ ಇರುವಂಥದ್ದಲ್ಲ ಅದು. ಬೇಲಿಯಿಂದ, ಕಾವಲಿನಿಂದ, ಕತ್ತಿಯಿಂದ ದಿನದಿನವೂ ಮಾಡಬೇಕಾದದ್ದು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡವನು ಚಾರ್ಲ್ಸ್ ಡಾರ್ವಿನ್. ಕೋಳಿ, ಪಾರಿವಾಳಗಳ ಪಂಡಿತ ಟೆಗೆಟ್‌ಮೈಯರ್ ಎಂಬ ಪತ್ರಕರ್ತನ ನೆರವಿನಿಂದ ಅವನು ಲಂಡನ್ನಿನ ಸಾಕಣೆಗಾರರ ಲೋಕವನ್ನು ಹೊಕ್ಕ. ಬರೀ ನೋಡಿ ಬರೆಯಲಿಲ್ಲ, ತಾನೇ ಕೋಳಿ ಸಾಕಿದ. ಕಪ್ಪು ಸ್ಪ್ಯಾನಿಷ್ ಹುಂಜಕ್ಕೆ ಬಿಳಿಯ ರೇಷ್ಮೆಗರಿಯ ಹೇಂಟೆಗಳನ್ನು ಕೂಡಿಸಿ ಮರಿ ಮಾಡಿಸಿದಾಗ ಅವುಗಳಲ್ಲಿ ಒಂದು ಹುಂಜ ಬೆಳೆಯುತ್ತಾ ಬೆಳೆಯುತ್ತಾ ಕಿತ್ತಳೆ, ಕೆಂಪು ಗರಿ ಹೊದ್ದು ನಿಂತಿತು. ಅಪ್ಪನಿಗೂ ಇಲ್ಲ, ಅಮ್ಮನಿಗೂ ಇಲ್ಲ ಆ ಬಣ್ಣ. ಅದು ಏಷ್ಯಾದ ಕಾಡಿನ ಕೆಂಪು ಕಾಡುಕೋಳಿಯ ಬಣ್ಣ. ಎರಡು ಶುದ್ಧ ತಳಿಗಳ ನಡುವಿನ ಬೇಲಿ ತೆಗೆದೊಡನೆ ಸಾವಿರಾರು ವರ್ಷದ ಹಿಂದಿನ ಮುತ್ತಜ್ಜ ಎದ್ದು ಬಂದಿದ್ದ. ಎಲ್ಲ ಸಾಕುಕೋಳಿಗಳೂ ಒಂದೇ ಮೂಲದವು ಎಂದು 1868ರ ತನ್ನ ದೊಡ್ಡ ಗ್ರಂಥದಲ್ಲಿ ಡಾರ್ವಿನ್ ವಾದಿಸಿದಾಗ ಇಂಥ ಹಿತ್ತಲ ಸಾಕ್ಷ್ಯಗಳೇ ಅವನ ಬಲವಾಗಿದ್ದವು.

ಡಾರ್ವಿನ್ನನಿಗೆ ಪೂರ್ವದೇಶದ ಕೋಳಿಗಳೂ ಬೇಕಿದ್ದವು. ಅದಕ್ಕಾಗಿ ಅವನು ಪತ್ರ ಬರೆದವರಲ್ಲಿ ಒಬ್ಬ ಮದರಾಸಿನಲ್ಲಿದ್ದ ವಾಲ್ಟರ್ ಎಲಿಯಟ್. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ತರುಣ ಅಧಿಕಾರಿ ಈತನೇ. ಆಮೇಲೆ ಧಾರವಾಡ ಸೀಮೆಯಲ್ಲಿ ಊರೂರು ಅಲೆದು 595 ಶಾಸನಗಳನ್ನು ನಕಲು ಮಾಡಿಸಿದವನೂ ಇವನೇ. ಚಾಲುಕ್ಯರ ಚರಿತ್ರೆ ಬರೆಯಲು ಆಧಾರವಾದ ಆ ಸಂಗ್ರಹದ ಒಡೆಯ 1856ರಲ್ಲಿ ಭಾರತದ ಮತ್ತು ಬರ್ಮಾದ ಪಾರಿವಾಳ, ಕೋಳಿಗಳ ಚರ್ಮಗಳನ್ನು ಡಾರ್ವಿನ್ನನಿಗೆ ಕಳಿಸಿಕೊಟ್ಟ. ಅರಸರ ವಂಶಾವಳಿಯನ್ನೂ ಹಕ್ಕಿಗಳ ವಂಶಾವಳಿಯನ್ನೂ ಒಂದೇ ಕೈ ಕಲೆಹಾಕಿತು.

1900ರಲ್ಲಿ ಮೆಂಡೆಲ್ಲನ ಬಟಾಣಿ ಗಿಡಗಳ ನಿಯಮಗಳು ಮತ್ತೆ ಬೆಳಕಿಗೆ ಬಂದವು. ಅವು ಪ್ರಾಣಿಗಳಿಗೂ ಸಲ್ಲುತ್ತವೆಯೇ? ಕೇಂಬ್ರಿಜ್‌ನ ವಿಲಿಯಂ ಬೇಟ್‌ಸನ್ ಉತ್ತರ ಹುಡುಕಿದ್ದು ಕೋಳಿಯ ಜುಟ್ಟಿನಲ್ಲಿ. ಗರಗಸದಂಥ ಸಾದಾ ಜುಟ್ಟಿನ ಕೋಳಿಗೆ ಗುಲಾಬಿ ಜುಟ್ಟಿನದನ್ನು ಕೂಡಿಸಿದರೆ ಮರಿಗಳೆಲ್ಲ ಗುಲಾಬಿ ಜುಟ್ಟಿನವು. ಅವುಗಳ ಮರಿಗಳಲ್ಲಿ ನಾಲ್ಕರಲ್ಲೊಂದರಂತೆ ಸಾದಾ ಜುಟ್ಟು ಮರಳುತ್ತದೆ. 1902ರಲ್ಲಿ ಅವನು ಇದನ್ನು ಪ್ರಕಟಿಸಿದ. ಮನೆಯ ಹಿತ್ತಲೇ ಪ್ರಯೋಗಶಾಲೆ, ಮನೆಯವರೇ ಸಹಾಯಕರು. ತಳಿಗಾರರು ಪ್ರೀತಿಯಿಂದ ಕಾಪಾಡಿದ್ದ ಚಿತ್ರವಿಚಿತ್ರ ಜುಟ್ಟುಗಳಿಲ್ಲದಿದ್ದರೆ ಈ ಲೆಕ್ಕ ಸಾಧ್ಯವಾಗುತ್ತಿರಲಿಲ್ಲ.

ಆದರೆ ಅದೇ ಜುಟ್ಟನ್ನು ನೋಡಿದ ಇನ್ನೊಬ್ಬ ಬೇರೆಯದೇ ದಾರಿ ಹಿಡಿದ. ನ್ಯೂಯಾರ್ಕಿನ ಬಳಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬಲ್ಲಿ ಸಂಶೋಧನಾ ಕೇಂದ್ರ ನಡೆಸುತ್ತಿದ್ದ ಚಾರ್ಲ್ಸ್ ಡೇವನ್‌ಪೋರ್ಟ್ 1906ರಲ್ಲಿ ಕೋಳಿಗಳ ಆನುವಂಶಿಕತೆಯ ಬಗ್ಗೆ ಗ್ರಂಥ ಬರೆದ. 1910ರ ಹೊತ್ತಿಗೆ ಅವನ ನೋಟ ಮನುಷ್ಯರ ಮೇಲಿತ್ತು. ಆ ವರ್ಷ ಅವನು 'ಯುಜೆನಿಕ್ಸ್ ರೆಕಾರ್ಡ್ ಆಫೀಸ್' ಸ್ಥಾಪಿಸಿದ. ಉತ್ತಮ ಮನುಷ್ಯರನ್ನು ಬೆಳೆಸಬೇಕು, 'ಕಳಪೆ' ಮನುಷ್ಯರು ಮಕ್ಕಳನ್ನು ಹೆರದಂತೆ ತಡೆಯಬೇಕು ಎಂಬುದು ಅದರ ಸಿದ್ಧಾಂತ. ಕಚೇರಿಯ ಉಸ್ತುವಾರಿಗೆ ಬಂದವನು ಹ್ಯಾರಿ ಲಾಫ್ಲಿನ್, ಮಿಸೌರಿಯ ಮಾಸ್ತರ. ಅವನಿಗೂ ಡೇವನ್‌ಪೋರ್ಟನಿಗೂ ಪರಿಚಯವಾದದ್ದು ಕೋಳಿ ತಳಿಯ ಬಗೆಗಿನ ಪತ್ರದಿಂದ. ಲಾಫ್ಲಿನ್ ಬರೆದ ಮಾದರಿ ಕಾನೂನನ್ನು ಅನುಸರಿಸಿ ಅಮೆರಿಕದ ರಾಜ್ಯಗಳು ಬಲವಂತದ ಸಂತಾನಹರಣದ ಕಾಯ್ದೆಗಳನ್ನು ಮಾಡಿದವು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಂಥ ಕಾಯ್ದೆಗಳಡಿ ಶಸ್ತ್ರಚಿಕಿತ್ಸೆಗೆ ಒಳಗಾದವರು 60,000ಕ್ಕೂ ಹೆಚ್ಚು. 1933ರಲ್ಲಿ ನಾಜಿಗಳು ತಮ್ಮ ಕಾನೂನು ಮಾಡುವಾಗಲೂ ಅದೇ ಮಾದರಿ ಮುಂದಿತ್ತು. 1936ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಲಾಫ್ಲಿನ್ನನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಬೇಟ್‌ಸನ್ ಮಾತ್ರ ಈ ಚಳವಳಿಯಿಂದ ದೂರ ಉಳಿದ. ಇಬ್ಬರ ಮುಂದೆಯೂ ಇದ್ದದ್ದು ಒಂದೇ ಜುಟ್ಟು. ಒಬ್ಬ ಅದರಲ್ಲಿ ನಿಯಮ ಕಂಡ, ಇನ್ನೊಬ್ಬ ಅಧಿಕಾರ ಕಂಡ. ಕೋಳಿ ಸಾಕುವ ಸಾಮಾನ್ಯ ಹವ್ಯಾಸಿಗಾದರೂ ಪುಸ್ತಕದ ಲಕ್ಷಣ ಎಂದರೆ ಸಂಜೆ ನಾಲ್ಕು ಜನ ಕೂತು ಮಾಡಿಕೊಂಡ ಒಪ್ಪಂದ ಎಂಬುದು ನೆನಪಿರುತ್ತದೆ. ಅದು ಒಪ್ಪಂದವೆಂಬುದು ಮರೆತು ಸೃಷ್ಟಿಯ ನಿಯಮವೆಂದು ನಂಬಿದಾಗ ಏನಾಗುತ್ತದೆಂದು ತಿಳಿಯಲು ನಾವು ಜರ್ಮನಿಗೆ ಹೋಗಬೇಕಿಲ್ಲ. ಬೇಲಿ, ಕಾವಲು, ಕತ್ತಿ ಇವು ಮೂರೂ ನಮ್ಮ ಊರುಗಳ ಮದುವೆಯ ಮಾತುಕತೆಗಳಲ್ಲಿ ಇವೆ. ಒಂದೊಂದು ಸಲ ಪೇಪರಿನಲ್ಲೂ ಬರುತ್ತವೆ.

ಹಾಗಾದರೆ ತಳಿಗಳನ್ನು ಕಾಪಾಡುವ ಹವ್ಯಾಸವೇ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. 1948ರಲ್ಲಿ ಅಮೆರಿಕದ ಡೆಲವೇರಿನಲ್ಲಿ 'ನಾಳೆಯ ಕೋಳಿ' ಎಂಬ ರಾಷ್ಟ್ರೀಯ ಸ್ಪರ್ಧೆಯ ಅಂತಿಮ ಸುತ್ತು ನಡೆಯಿತು. ಬೇಗ ಬೆಳೆಯುವ, ಎದೆಯಲ್ಲಿ ಹೆಚ್ಚು ಮಾಂಸವಿರುವ ಕೋಳಿ ಯಾವುದು ಎಂಬುದೇ ಪ್ರಶ್ನೆ. ಗೆದ್ದದ್ದು ಕಾರ್ನಿಷ್ ಬೆರಕೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ನಮ್ಮ ದೇಶದ ಅಸೀಲ್ ಹುಂಜದ ರಕ್ತದಿಂದ ಹುಟ್ಟಿದ ತಳಿ ಕಾರ್ನಿಷ್. ಅರಬ್ಬಿಯ ಅಸೀಲ್ ಎಂದರೆ ಕುಲೀನ, ಮೂಲದ್ದು. ನಮ್ಮ 'ಅಸಲಿ' ಅದರ ದಾಯಾದಿ. ಆ ಅಸಲಿ ಬೆರೆತು ಇಂದಿನ ಬ್ರಾಯ್ಲರ್ ಹುಟ್ಟಿತು. ಅಲ್ಲಿಂದ ಮುಂದೆ ನೂರಾರು ತಳಿಗಳು ಮಾರುಕಟ್ಟೆಗೆ ಬೇಡವಾದವು. ಅವು ಅಳಿಯದೆ ಉಳಿದಿದ್ದರೆ ಅದಕ್ಕೆ ಹಿತ್ತಲಲ್ಲಿ ನಾಲ್ಕು ಪಂಜರ ಇಟ್ಟುಕೊಂಡ ಅಂಚೆ ಪೇದೆ, ಮಾಸ್ತರು, ಗೃಹಿಣಿಯರು ಕಾರಣ. ಅವರು ಉಳಿಸಿದ್ದು ಶುದ್ಧಿಯನ್ನಲ್ಲ, ಬಗೆಬಗೆಯನ್ನು. ಕಾಲಿಗೆ ತುಪ್ಪಳ, ತಲೆಗೆ ಮುಂಡಾಸು, ನೀಲಿ ಮೊಟ್ಟೆ, ಕಾವಿಗೆ ಕೂರುವ ಗುಣ, ಹೀಗೆ ಕೋಳಿಗೆ ಎಷ್ಟು ರೀತಿಯಲ್ಲಿ ಇರಲು ಸಾಧ್ಯವೋ ಅಷ್ಟನ್ನೂ.

ಕೊನೆಯದಾಗಿ ಡಾರ್ವಿನ್ನನ ಒಂದು ತಪ್ಪು. ನಮ್ಮ ಪಶ್ಚಿಮಘಟ್ಟದ ಕಾಫಿ ತೋಟಗಳಲ್ಲಿ ಬೆಳಗಿನ ಜಾವ ಕೂಗುವ ಬೂದು ಕಾಡುಕೋಳಿಯನ್ನು ಅವನು ಸಾಕುಕೋಳಿಯ ಪೂರ್ವಜರ ಪಟ್ಟಿಯಿಂದ ಹೊರಗಿಟ್ಟಿದ್ದ. 2008ರಲ್ಲಿ ವಿಜ್ಞಾನಿಗಳು ಹಳದಿ ಚರ್ಮಕ್ಕೆ ಕಾರಣವಾದ ಜೀನನ್ನು ಪರೀಕ್ಷಿಸಿದಾಗ ಅದು ಕೆಂಪು ಕಾಡುಕೋಳಿಯದಲ್ಲ, ಬೂದು ಕಾಡುಕೋಳಿಯದು ಎಂದು ತಿಳಿಯಿತು. ಎಂದೋ ಯಾವುದೋ ಹಿತ್ತಲಿನ ಅಂಚಿನಲ್ಲಿ ಕಾಡಿನ ಹುಂಜವೊಂದು ಬೇಲಿ ಹಾರಿ ಬಂದಿತ್ತು. ಇಂದು ಲೋಕದಲ್ಲಿ ಹಳದಿ ಕಾಲಿನ ಕೋಳಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ದಕ್ಷಿಣ ಭಾರತದ ಆ ಹಕ್ಕಿಯ ಪಾಲಿದೆ.

ನನ್ನ ಐದು ಬ್ರಹ್ಮ ಮರಿಗಳಲ್ಲಿ ಒಂದು ಹುಂಜವಾಯಿತು. ಬೇಲಿ ಕಟ್ಟಬೇಕೆಂದುಕೊಂಡೆ, ಕಟ್ಟಲಿಲ್ಲ. ಈ ವರ್ಷ ಕರಿ ಹೇಂಟೆ ತನ್ನದೇ ಮೊಟ್ಟೆಗಳಿಗೆ ಕೂತು ಒಂಬತ್ತು ಮರಿ ಮಾಡಿತು. ಬಟಾಣಿ ಸಾಲಿನಂಥ ಗಿಡ್ಡ ಜುಟ್ಟು ಅಪ್ಪನದು, ಚುರುಕು ಅಮ್ಮನದು. ಕಾಲಿಗೆ ಪೈಜಾಮವಲ್ಲ, ಅಲ್ಲೊಂದು ಇಲ್ಲೊಂದು ಗರಿ. ಗರಿಯ ಸಂದಿನಲ್ಲಿ ಇಬ್ಬರಿಂದಲೂ ಬಂದ ಹಳದಿ. ಅಜ್ಜಿಯ ಹತ್ತಿರ ಕೂತು ಶಾಂಘೈ, ಬಾಸ್ಟನ್, ಎಲಿಯಟ್ ಸಾಹೇಬ ಎಲ್ಲವನ್ನೂ ಹೇಳಿದೆ. ಅವಳು ನುಚ್ಚು ಎರಚುತ್ತಾ ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲ ಇರ್ಲಿ, ಗೂಡಿನ ಬಾಗ್ಲು ಹಾಕಿದ್ಯಾ? ಕಾಡುಬೆಕ್ಕು ಓಡಾಡ್ತಾ ಅದೆ" ಎಂದಳು.